ಸಮುದ್ರದ ರಹದಾರಿ

ನಮ್ಮ ಸಂಘದ ಕಾರ್ಯದರ್ಶಿಗಳು ರಾಜ್ಯೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಕೇಳಿದಾಗಲೆಲ್ಲ, "ನಾನೊಬ್ಬ ಬ್ಯಾಂಕಿನ ಗುಮಾಸ್ತ; ಓದಿದ್ದು ಬಿ.ಕಾಂ.; ಜಮಾ ಖರ್ಚು ಬಿಟ್ಟರೆ ನನಗೇನು ತಿಳಿಯುತ್ತದೆ?" ಎಂದು ನುಣುಚಿಕೊಳ್ಳುತ್ತಿದ್ದೆ. ಈ ಸಲ ನುಣುಚಿಕೊಳ್ಳಲಿಲ್ಲ. ಬರೆಯಲೇಬೇಕಾದ ಒಂದು ವಿಷಯ ನನ್ನ ಮೇಜಿನ ಮೇಲೆಯೇ ಬಂದು ಕುಳಿತಿತು.

ಬ್ಯಾಂಕಿನಲ್ಲಿ ನಾನಿರುವುದು ಆಮದು ರಫ್ತಿನ ವಿಭಾಗದಲ್ಲಿ. ಲೆಟರ್ ಆಫ್ ಕ್ರೆಡಿಟ್ ಎಂಬ ಪತ್ರದ ಆಧಾರದ ಮೇಲೆ ಪರದೇಶದ ವ್ಯಾಪಾರಿಗೆ ಹಣ ಸಲ್ಲಿಸುವ ಕೆಲಸ. ನಾವು ಹಡಗನ್ನು ನೋಡುವುದಿಲ್ಲ, ಸರಕನ್ನು ಮುಟ್ಟುವುದಿಲ್ಲ, ನೋಡುವುದೆಲ್ಲ ಕಾಗದವನ್ನು. ಕಳೆದ ಮಳೆಗಾಲದಲ್ಲಿ ಗ್ರಾಹಕರೊಬ್ಬರ ಕಾಗದಗಳಲ್ಲಿ ಸರಕು ಇಳಿಯಬೇಕಾದ ಬಂದರಿನ ಹೆಸರು ಒಂದು ಹಾಳೆಯಲ್ಲಿ ಒಂದು ಬಗೆ, ಮತ್ತೊಂದು ಹಾಳೆಯಲ್ಲಿ ಮತ್ತೊಂದು ಬಗೆಯಾಗಿತ್ತು. ನಾನು ತಡೆಹಿಡಿದೆ. "ಸರಕು ಬಂದು ಗೋದಾಮಿನಲ್ಲಿ ಬಿದ್ದಿದೆಯಲ್ಲ ಸ್ವಾಮಿ, ಒಂದು ಹೆಸರಿಗಾಗಿ ಇಷ್ಟೆಲ್ಲ ರಗಳೆಯೇ?" ಎಂದು ಅವರು ಕೇಳಿದರು. ಅವರಿಗೆ ನಿಯಮದ ಉತ್ತರ ಕೊಟ್ಟೆ. ಆದರೆ ಮನಸ್ಸಿನಲ್ಲಿ ಕೇಳಿಸಿದುದು ನನ್ನ ಅಜ್ಜನ ಮಾತು.

ಅಜ್ಜ ಗಂಗೊಳ್ಳಿಯವರು. 1950ರ ಸುಮಾರಿನಿಂದ ಹತ್ತು ಹದಿನೈದು ವರ್ಷ ಪತ್ತೆಮಾರಿಯಲ್ಲಿ ಮೊದಲು ಖಲಾಸಿಯಾಗಿ, ಆಮೇಲೆ ತಾಂಡೇಲರಾಗಿ ದುಡಿದವರು. ಮಂಗಳೂರಿನ ಹಂಚು ತುಂಬಿಕೊಂಡು ಮುಂಬಯಿಗೆ ಬರುವುದು, ಇಲ್ಲಿಂದ ಸಿಕ್ಕಿದ ಸರಕು ಹೇರಿಕೊಂಡು ಹಿಂದಿರುಗುವುದು. ಅವರ ಹತ್ತಿರ ಮುಚ್ಚಳಕ್ಕೆ ಮೇಣ ಮೆತ್ತಿದ ಒಂದು ತಗಡಿನ ಡಬ್ಬಿ ಇತ್ತು. ದೋಣಿಯ ಕಾಗದಪತ್ರಗಳೆಲ್ಲ ಅದರಲ್ಲಿ. "ಹಾಯಿ ಹರ್ದ್ರೆ ಹೊಲಿಲಕ್ಕ್ ಮಗಾ, ಚೀಟಿ ಹರ್ದ್ರೆ ಹೊಲುಕಾತಿಲ್ಲೆ" ಎನ್ನುತ್ತಿದ್ದರು. ಓದಲು ಬಾರದ ಮನುಷ್ಯ ಕಾಗದಕ್ಕೆ ಇಷ್ಟು ಏಕೆ ಅಂಜುತ್ತಿದ್ದನೆಂಬುದು ಚಿಕ್ಕಂದಿನಲ್ಲಿ ನನಗೆ ತಿಳಿಯಲಿಲ್ಲ. ನಮ್ಮ ಕರಾವಳಿಯ ಇತಿಹಾಸವನ್ನು ಒಂದಿಷ್ಟು ಓದಿದ ಮೇಲೆ ತಿಳಿಯಿತು. ಆ ಅಂಜಿಕೆ ಅಜ್ಜನೊಬ್ಬರದಲ್ಲ, ಅದು ನಾಲ್ಕೂವರೆ ನೂರು ವರ್ಷಗಳಿಂದ ಬಂದದ್ದು. ಪರರ ಕಡಲಿಗೆ ಹೊರಟವನು ಗಾಳಿಯನ್ನು ತಿಳಿಯುವುದಕ್ಕೆ ಮೊದಲು ಪರರ ಕಾನೂನನ್ನು ತಿಳಿಯಬೇಕೆಂಬ ಪಾಠವನ್ನು ನಮ್ಮವರು ಬಹಳ ಬೆಲೆ ತೆತ್ತು ಕಲಿತರು. ಆ ಕಥೆಯನ್ನೇ ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ.

ಪೋರ್ತುಗೀಜರು ಬರುವುದಕ್ಕೆ ಮುಂಚೆ ನಮ್ಮ ಕಡಲಿನಲ್ಲಿ ಕಾನೂನೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಕಾನೂನುಗಳಿದ್ದವು, ಆದರೆ ಅವು ಬಂದರಿನ ಕಾನೂನುಗಳು, ಕಡಲಿನವಲ್ಲ. ದಡ ಮುಟ್ಟಿದವನು ಆ ದಡದ ಅರಸನಿಗೆ ಸುಂಕ ಕೊಡಬೇಕು, ಅಷ್ಟೆ. ನಡುನೀರಿನಲ್ಲಿ ತಡೆದು "ನಿನ್ನ ಚೀಟಿ ಎಲ್ಲಿ?" ಎಂದು ಯಾವ ಅರಸನೂ ಹಕ್ಕಿನಿಂದ ಕೇಳುತ್ತಿರಲಿಲ್ಲ, ಕೇಳುತ್ತಿದ್ದವರು ಕಡಲುಗಳ್ಳರು.

ಆದರೂ ಪರದೇಶದ ನಾವಿಕನಿಗೆ ಆಗಲೂ ಒಂದು ದೊಡ್ಡ ಭಯವಿತ್ತು. ಬಿರುಗಾಳಿಗೆ ಸಿಕ್ಕ ಹಡಗು ಹೊರಡುವಾಗ ನೆನೆಸದ ದಡಕ್ಕೆ ಬಂದು ಬಿದ್ದರೆ ಅದರಲ್ಲಿದ್ದ ಆನೆ, ಕುದುರೆ, ಚಿನ್ನ, ಸರಕೆಲ್ಲವೂ ಆ ದಡದ ಅರಸನದೆಂಬ ವಾಡಿಕೆ ಅನೇಕ ಕಡೆ ಇತ್ತು. ಆಂಧ್ರದ ಮೋಟುಪಲ್ಲಿ ಬಂದರಿನಲ್ಲಿ ಕಾಕತೀಯ ಗಣಪತಿದೇವನು 1244ರ ಸುಮಾರಿಗೆ ಹಾಕಿಸಿದ ಅಭಯಶಾಸನ ಈ ವಾಡಿಕೆಯನ್ನು ಎತ್ತಿ ಹೇಳಿ ಕೈಬಿಡುತ್ತದೆ. ಹಿಂದಿನ ಅರಸರು ಹಾಗೆ ಕಸಿದುಕೊಳ್ಳುತ್ತಿದ್ದರು. ನಾವು ಪ್ರಾಣ ಪಣವಾಗಿಟ್ಟು ಕಡಲಿಗಿಳಿದವರ ಮೇಲಣ ಕರುಣೆಯಿಂದಲೂ ಕೀರ್ತಿ ಧರ್ಮಗಳಿಗಾಗಿಯೂ ನಿಗದಿಯಾದ ಸುಂಕವೊಂದನ್ನು ಬಿಟ್ಟು ಬೇರೇನನ್ನೂ ತೆಗೆದುಕೊಳ್ಳುವುದಿಲ್ಲ ಎಂಬುದು ಅದರ ತಾತ್ಪರ್ಯ. ಸುಂಕ ಮೂವತ್ತಕ್ಕೆ ಒಂದು ಪಾಲು. ಪರದೇಶದ ದೋಣಿಗಳಿಗಾಗಿ ಬಂದರಿನಲ್ಲಿಯೇ ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸಿದ ಕಾನೂನಿನ ಫಲಕವೆಂದು ಇದನ್ನು ನಾವು ಕರೆಯಬಹುದು.

ಇದಾಗಿ ಇನ್ನೂರು ವರ್ಷಗಳ ಮೇಲೆ, 1442ರಲ್ಲಿ, ಪಾರಸೀಕದ ರಾಯಭಾರಿ ಅಬ್ದುರ್ ರಜಾಕನು ಕಲ್ಲಿಕೋಟೆಗೆ ಬಂದನು. ಮಾರನೆಯ ವರ್ಷ ಮಂಗಳೂರಿನ ಮೇಲೆ ಹಾದು ವಿಜಯನಗರಕ್ಕೆ ಹೋದನು. ಹಿಂದಿರುಗುವಾಗ ಹೊನ್ನಾವರದಲ್ಲಿ ಹಡಗು ಹತ್ತಿದನು. ವಿಜಯನಗರದ ವೈಭವವನ್ನು ಆತ ಬಣ್ಣಿಸಿದುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಕಲ್ಲಿಕೋಟೆಯ ಬಂದರಿನ ವಿಷಯವಾಗಿ ಆತ ಬರೆದದ್ದನ್ನು ಓದಿದವರು ಕಡಿಮೆ. ವ್ಯಾಪಾರಿಗಳು ಸರಕನ್ನು ಇಳಿಸಿ ಲೆಕ್ಕ ನೋಡುವ, ಕಾವಲಿರುವ ಚಿಂತೆಯಿಲ್ಲದೆ ಬಿಟ್ಟುಹೋಗುತ್ತಾರೆ. ಸುಂಕದ ಅಧಿಕಾರಿಗಳೇ ಕಾಯುತ್ತಾರೆ. ಮಾರಾಟವಾದರೆ ನಲವತ್ತಕ್ಕೆ ಒಂದು ಪಾಲು ಸುಂಕ, ಮಾರಾಟವಾಗದಿದ್ದರೆ ಏನೂ ಇಲ್ಲ. ಬೇರೆ ಬಂದರುಗಳಲ್ಲಿ, ಎಲ್ಲಿಗೋ ಹೊರಟ ಹಡಗು ಗಾಳಿಗೆ ಸಿಕ್ಕಿ ಬಂದರೆ ಸುಲಿಯುತ್ತಾರೆ. ಇಲ್ಲಿ ಮಾತ್ರ ಎಲ್ಲಿಂದ ಬಂದರೂ ಎಲ್ಲಿಗೆ ಹೊರಟರೂ ಒಂದೇ ಮರ್ಯಾದೆ ಎಂದು ಆತ ಬರೆದಿದ್ದಾನೆ. ಬಂದರು ಬೆಳೆಯುವುದು ಆಳವಾದ ನೀರಿನಿಂದ ಮಾತ್ರವಲ್ಲ, ನಂಬಿಕೆಗೆ ಯೋಗ್ಯವಾದ ಕಾನೂನಿನಿಂದ ಎಂಬುದನ್ನು ಬ್ಯಾಂಕಿನವನಾದ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಕಡಲಿಗೆ 1498ರಲ್ಲಿ ವಾಸ್ಕೋ ಡ ಗಾಮ ಬಂದನು. ಮೊದಲ ಸಲ ದಾರಿ ನೋಡಿಕೊಂಡು ಹೋದವನು 1502ರಲ್ಲಿ ತೋಪುಗಳೊಡನೆ ಎರಡನೆಯ ಸಲ ಬಂದನು. ಮೆಕ್ಕಾದಿಂದ ಹಿಂದಿರುಗುತ್ತಿದ್ದ ಯಾತ್ರಿಕರ ಹಡಗೊಂದನ್ನು ಮಲಬಾರಿನ ತೀರದಾಚೆ ಹಿಡಿದು, ಒಳಗಿದ್ದ ನೂರಾರು ಜನರೊಡನೆ ಸುಟ್ಟನು. ಅದೇ ಪ್ರಯಾಣದಲ್ಲಿ ನಮ್ಮ ಹೊನ್ನಾವರದ ಹಡಗುಗಳಿಗೂ ಬೆಂಕಿ ಬಿತ್ತು; ಭಟ್ಕಳದವರು ಶರಣಾಗಬೇಕಾಯಿತು. ಪೋರ್ತುಗೀಜ ಇತಿಹಾಸಕಾರ ಗಾಸ್ಪಾರ್ ಕೊರೆಯ ಬರೆದಿರುವಂತೆ, ವರ್ಷಕ್ಕೆ ಸಾವಿರ ಹೇರು ಸಾಧಾರಣ ಅಕ್ಕಿ, ಐನೂರು ಹೇರು ಒಳ್ಳೆಯ ಅಕ್ಕಿ ಭಟ್ಕಳದಿಂದ ಸಲ್ಲಬೇಕೆಂದಾಯಿತು. ಮೆಣಸಿನ ವ್ಯಾಪಾರ ಮಾಡಕೂಡದು, ತುರ್ಕರನ್ನು ಸೇರಿಸಕೂಡದು, ಕಲ್ಲಿಕೋಟೆಗೆ ಹೋಗಕೂಡದು ಎಂದೂ ಆಯಿತು. ಭಟ್ಕಳದವನು ಕಲ್ಲಿಕೋಟೆಗೆ ಹೋಗಬೇಕೆ ಬೇಡವೆ ಎಂಬುದನ್ನು ಎಲ್ಲಿಯದೋ ಲಿಸ್ಬನ್ನಿನವನು ತೀರ್ಮಾನಿಸುವ ಕಾಲ ಅಂದಿನಿಂದ ಮೊದಲಾಯಿತು.

ಆ ಕಾಲದ ಚೀಟಿಯೇ 'ಕರ್ತಾಜ್'. ಕಾಗದವೆಂಬ ಅರ್ಥದ ಅರಬ್ಬಿಯ 'ಕಿರ್ತಾಸ್' ಶಬ್ದದಿಂದ ಈ ಹೆಸರು ಬಂದಿತೆಂದು ಪಂಡಿತರ ಮತ. ಕಡಲು ಮೊದಲಿನಿಂದ ಎಲ್ಲರದಾಗಿತ್ತು. ಅದಕ್ಕೆ ಬಾಗಿಲು ಹಚ್ಚಿದ್ದು ಹೊರಗಿನಿಂದ ಬಂದವನು. ಬೀಗದ ಕೈಗೆ ಇಟ್ಟ ಹೆಸರು ಮಾತ್ರ ಇಲ್ಲಿಯೇ ವ್ಯಾಪಾರ ಮಾಡುತ್ತಿದ್ದ ಅರಬರ ಮಾತು.

ಕರ್ತಾಜಿನಲ್ಲಿ ಏನಿರುತ್ತಿತ್ತು? ದಿನವೂ ಇಂಥ ಕಾಗದಗಳನ್ನೇ ನೋಡುವ ನನಗೆ ಇದು ಬಹಳ ಸ್ವಾರಸ್ಯವಾಗಿ ಕಂಡಿತು. ಹಡಗಿನ ಹೆಸರು, ಅದರ ಗಾತ್ರ, ನಾಖೋಡನ ಹೆಸರು, ಕೆಲವೊಮ್ಮೆ ಆತನ ವಯಸ್ಸು, ಖಲಾಸಿಗಳ ಸಂಖ್ಯೆ, ಆತ್ಮರಕ್ಷಣೆಗಾಗಿ ಎಷ್ಟು ಆಯುಧಗಳಿರಬಹುದು, ಎಲ್ಲಿಂದ ಹೊರಟು ಎಲ್ಲಿಗೆ ಹೋಗುವುದು, ಚೀಟಿ ಎಷ್ಟು ಕಾಲ ನಡೆಯುತ್ತದೆ. ಆಮೇಲೆ ನಿಷೇಧಗಳು. ಮೆಣಸು ಹೇರಕೂಡದು, ಅದು ಪೋರ್ತುಗಲ್ ದೊರೆಯ ಸ್ವತ್ತು. ಕಬ್ಬಿಣ, ತಾಮ್ರ, ಆಯುಧ, ಹಡಗು ಕಟ್ಟುವ ಮರ ಮೊದಲಾದ ಯುದ್ಧೋಪಯೋಗಿ ಸರಕು ಕೂಡದು. ತುರ್ಕರನ್ನೂ ವೈರಿಗಳೆನಿಸಿದ ಇತರರನ್ನೂ ಹತ್ತಿಸಿಕೊಳ್ಳಕೂಡದು. ಹೋಗುವಾಗಲೋ ಬರುವಾಗಲೋ ಪೋರ್ತುಗೀಜರ ಕೋಟೆಯಿರುವ ಬಂದರಿಗೆ ಬಂದು ಸುಂಕ ಕಟ್ಟಬೇಕು. ಅದಕ್ಕೆ ಜಾಮೀನು ಕೊಡಬೇಕು. ಕೆಳಗೆ ವೈಸರಾಯನದೋ ಕೋಟೆಯ ಕಪ್ತಾನನದೋ ರುಜು.

ಕರ್ತಾಜಿಗೆ ತೆರಬೇಕಾದ ಶುಲ್ಕ ಅತ್ಯಲ್ಪ, ಕೆಲವೇ ನಾಣ್ಯ. ಆದರೆ ಅದರ ಗುಟ್ಟು ಶುಲ್ಕದಲ್ಲಿರಲಿಲ್ಲ, ಸುಂಕದ ಕಟ್ಟೆಯಲ್ಲಿತ್ತು. ಅಗ್ಗದ ಚೀಟಿಯೊಂದನ್ನು ಕೊಟ್ಟು ಹಡಗನ್ನೆಲ್ಲ ಗೋವೆ, ದೀವ್, ಹುರ್ಮುಜ್, ಮಲಕ್ಕಾಗಳ ಸುಂಕದ ಕಟ್ಟೆಗೆ ಎಳೆತರುವ ಉಪಾಯವದು. ನಮ್ಮ ವೃತ್ತಿಯಲ್ಲಿಯೂ ಇಂಥವನ್ನು ಕಂಡಿದ್ದೇವೆ. ಅರ್ಜಿಯ ಹಾಳೆ ಪುಕ್ಕಟೆ, ಅದರ ಹಿಂದಿನ ಷರತ್ತುಗಳೇ ದುಬಾರಿ.

ಚೀಟಿ ಇಲ್ಲದಿದ್ದರೆ, ಅಥವಾ ಚೀಟಿಯಲ್ಲಿ ಬರೆದುದಕ್ಕೂ ಹಡಗಿನಲ್ಲಿ ಇದ್ದುದಕ್ಕೂ ತಾಳೆಯಾಗದಿದ್ದರೆ, ಹಡಗು ಮತ್ತು ಸರಕು ಜಪ್ತಿ; ಜನ ಸೆರೆ. ಹೊನ್ನಾವರದಿಂದ ಹುರ್ಮುಜಿಗೆಂದು ಚೀಟಿ ಪಡೆದವನು ಗಾಳಿ ತಿರುಗಿತೆಂದು ಬೇರೊಂದು ಬಂದರು ಹೊಕ್ಕರೆ ಅದೂ ಅಪರಾಧವೆನಿಸಬಹುದು. ಅಂಗಳದಂತಿದ್ದ ಅರಬ್ಬಿ ಸಮುದ್ರದಲ್ಲಿ ನಮ್ಮ ನಾವಿಕನು ಅತಿಥಿಯಾದನು. ಅದೂ ಕರೆಯದೆ ಬಂದ ಅತಿಥಿ.

ಸಾಮಾನ್ಯರ ಪಾಡು ಹಾಗಿರಲಿ, ಚಕ್ರವರ್ತಿಗಳ ಮನೆಯವರೂ ಈ ಚೀಟಿಯಿಂದ ತಪ್ಪಿಸಿಕೊಳ್ಳಲಿಲ್ಲ. ಅಕ್ಬರನ ಸೋದರತ್ತೆ ಗುಲ್ಬದನ್ ಬೇಗಮಳು ಹಜ್ ಯಾತ್ರೆಗೆಂದು ಹೊರಟು, 1576ರಲ್ಲಿ ಹಡಗು ಹತ್ತುವ ಮುನ್ನ ಸೂರತ್ತಿನಲ್ಲಿ ತಿಂಗಳುಗಟ್ಟಲೆ ಕಾದಿದ್ದಳು. ಪೋರ್ತುಗೀಜರ ಚೀಟಿ ಕೈಗೆ ಬಂದ ಮೇಲೆಯೇ ಲಂಗರು ಎತ್ತಿದ್ದು. ಆ ಚೀಟಿಯ ಮೇಲೆ ಮೇರಿ ಮತ್ತು ಯೇಸುವಿನ ಚಿತ್ರದ ಮುದ್ರೆಯಿರುತ್ತದೆ. ಅಂಥದನ್ನು ಹಿಡಿದು ಹೋಗುವ ಯಾತ್ರೆ ಕಡ್ಡಾಯವೇ ಎಂಬ ಚರ್ಚೆ ಆಸ್ಥಾನದ ಮುಲ್ಲಾಗಳಲ್ಲಿ ನಡೆದುದನ್ನು ಬದಾಯೂನಿ ಬರೆದಿಟ್ಟಿದ್ದಾನೆ. ನೆಲದ ಮೇಲೆ ಹಿಂದೂಸ್ಥಾನವನ್ನು ಆಳುವವನಿಗೆ ನೀರಿನ ಮೇಲೆ ಅಪ್ಪಣೆ ಬೇಕಾಯಿತು. ನಮ್ಮ ಬಿಜಾಪುರದ ಆದಿಲಶಾಹಿಗಳೂ ಅಷ್ಟೆ. 1570-71ರಲ್ಲಿ ಗೋವೆಯನ್ನು ಮುತ್ತಿ ಬಹುಕಾಲ ಹೋರಾಡಿ ಗೆಲ್ಲಲಾರದೆ ಕೌಲು ಮಾಡಿಕೊಂಡರು. ವರ್ಷಕ್ಕೆ ಇಷ್ಟು ಹಡಗುಗಳಿಗೆ ಪುಕ್ಕಟೆ ಕರ್ತಾಜು ಎಂಬ ರಿಯಾಯಿತಿಗೆ ತೃಪ್ತಿಪಟ್ಟರು.

ಚೀಟಿ ಸರಿಯಾಗಿದ್ದರೂ ಕ್ಷೇಮವೆನ್ನುವ ಹಾಗಿರಲಿಲ್ಲ. 1613ರಲ್ಲಿ ಜಹಾಂಗೀರನ ತಾಯಿ ಮರಿಯಂ ಉಜ್ಜಮಾನಿಯ 'ರಹೀಮಿ' ಎಂಬ ದೊಡ್ಡ ಹಡಗನ್ನು, ಪೋರ್ತುಗೀಜರದೇ ಚೀಟಿಯಿದ್ದರೂ, ಸೂರತ್ತಿನ ಬಳಿ ಪೋರ್ತುಗೀಜರೇ ಹಿಡಿದು ಗೋವೆಗೆ ಎಳೆದೊಯ್ದರು. ಆಗ ಬಾದಶಹನು ನೆಲದ ಮೇಲಿನ ತನ್ನ ಕೈ ತೋರಿಸಿದನು. ದಮಣಕ್ಕೆ ಮುತ್ತಿಗೆ ಬಿತ್ತು, ಆಗ್ರಾದ ಇಗರ್ಜಿಗೆ ಬೀಗ ಬಿತ್ತು. ಎರಡು ವರ್ಷಗಳ ಮೇಲೆ ರಾಜಿಯಾಯಿತು. ಕೊಟ್ಟವನೇ ತನ್ನ ರುಜುವಿಗೆ ಬೆಲೆ ಕೊಡದಿದ್ದರೆ ಕಾಗದ ಬರಿಯ ಕಾಗದ.

ಈಗ ನಮ್ಮ ಕನ್ನಡ ಕರಾವಳಿಯ ಕಡೆಗೆ ತಿರುಗೋಣ. ನಮ್ಮವರು ಈ ಕಾನೂನನ್ನು ಹೇಗೆ ಎದುರಿಸಿದರು? ಮೂರು ಬಗೆಯಾಗಿ ಎನ್ನಬಹುದು.

ಮೊದಲನೆಯ ಬಗೆ, ಬಲಿಷ್ಠನೊಡನೆ ಸೇರಿಕೊಳ್ಳುವುದು. ಹೊನ್ನಾವರದ ಕಡೆಯ ತಿಮ್ಮಯ್ಯ ಎಂಬ ನಾವಿಕ ನಾಯಕನು, ಪೋರ್ತುಗೀಜರ ಬರೆಹಗಳಲ್ಲಿ ಆತ 'ತಿಮೋಜ', ಅಲ್ಬುಕರ್ಕನಿಗೆ ದಾರಿ ತೋರಿಸಿ 1510ರಲ್ಲಿ ಗೋವೆಯನ್ನು ಗೆದ್ದುಕೊಡಲು ನೆರವಾದನು. ಆತನನ್ನು ದ್ರೋಹಿಯೆಂದು ಬೈಯುವವರಿದ್ದಾರೆ. 1505ರಲ್ಲಿ ವೈಸರಾಯ ಅಲ್ಮೇಡನು ಹೊನ್ನಾವರದ ಹಡಗುಗಳನ್ನು ಸುಟ್ಟುದನ್ನು ಕಂಡ ಬಂದರಿನ ಮನುಷ್ಯ ಅವನು ಎಂಬುದನ್ನು ಮರೆಯದೆ ತೀರ್ಪು ಹೇಳಬೇಕು.

ಎರಡನೆಯ ಬಗೆ, ಒಪ್ಪದೆ ಎದುರು ನಿಲ್ಲುವುದು. ಉಳ್ಳಾಲದ ರಾಣಿ ಅಬ್ಬಕ್ಕದೇವಿ ಪರಂಗಿಗಳಿಗೆ ಕಪ್ಪ ಕೊಡಲೊಪ್ಪದೆ, ಅವರ ಅಪ್ಪಣೆಗೆ ಕಾಯದೆ ತನ್ನ ಹಡಗುಗಳನ್ನು ನಡೆಸಿದಳೆಂದು ತುಳುನಾಡು ಇಂದಿಗೂ ಕೊಂಡಾಡುತ್ತದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಉಳ್ಳಾಲದ ರಾಣಿಯನ್ನು ದಾರಿಯಲ್ಲಿಯೇ ಕಂಡು ಮಾತನಾಡಿದನು. ಆಕೆ ಬರಿಗಾಲಲ್ಲಿ ನಡೆದು ಕಾಲುವೆಯ ಕೆಲಸ ನೋಡಲು ಹೊರಟಿದ್ದಳಂತೆ. ಪರಂಗಿಗಳ ನೌಕಾಬಲಕ್ಕೆ ಬಗ್ಗದ ಮನೆತನ ಗದ್ದೆಯ ನೀರಿನ ಲೆಕ್ಕವನ್ನು ತಾನೇ ನೋಡುತ್ತಿತ್ತು ಎಂಬುದರಲ್ಲಿ ನನಗೆ ಬಹಳ ಅರ್ಥ ಕಾಣುತ್ತದೆ. ಏಕೆಂದರೆ ನಮ್ಮ ಕರಾವಳಿಯ ನಿಜವಾದ ಬಲ ಇದ್ದುದು ಆ ಗದ್ದೆಗಳಲ್ಲಿಯೇ.

ಅದೇ ಮೂರನೆಯ ಬಗೆಯ ಮೂಲ. ಗೋವೆಗೆ ಊಟದ ಅಕ್ಕಿ ಹೋಗಬೇಕಾದದ್ದು ಕನ್ನಡ ಜಿಲ್ಲೆಯಿಂದ. ಬಸರೂರು, ಗಂಗೊಳ್ಳಿ, ಮಂಗಳೂರು, ಹೊನ್ನಾವರಗಳಿಂದ ಅಕ್ಕಿ ಹೇರಿದ ದೋಣಿಗಳು ಯುದ್ಧನಾವೆಗಳ ಬೆಂಗಾವಲಿನಲ್ಲಿ ಸಾಲಾಗಿ ಗೋವೆಗೆ ಹೋಗುತ್ತಿದ್ದವು. ಕಡಲಿಗೆ ಬೀಗ ಹಾಕಿದವನ ಅನ್ನದ ತಪ್ಪಲೆಯ ಮುಚ್ಚಳ ನಮ್ಮ ಕೈಯಲ್ಲಿತ್ತು! ಇದನ್ನು ಪೋರ್ತುಗೀಜರೂ ಬಲ್ಲರು. ಆದುದರಿಂದಲೇ 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳ ಬಾಯಲ್ಲಿ ಕೋಟೆಗಳನ್ನು ಹಿಡಿದು ಕುಳಿತರು. ಇದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಕೆಳದಿಯ ನಾಯಕರು. ವೆಂಕಟಪ್ಪನಾಯಕನು ಮೆಣಸಿನ ಬೆಲೆಗಾಗಿ ಗೋವೆಯೊಡನೆ ರಾಯಭಾರಗಳನ್ನು ನಡೆಸಿದನು; ಶಿವಪ್ಪನಾಯಕನು 1652ರಿಂದ 1654ರೊಳಗೆ ಆ ಮೂರು ಕೋಟೆಗಳನ್ನೂ ಕಿತ್ತುಕೊಂಡನು. ಶಿವಪ್ಪನಾಯಕನ ಶಿಸ್ತು ಎಂದೊಡನೆ ನಮಗೆ ಭೂಕಂದಾಯ ನೆನಪಿಗೆ ಬರುತ್ತದೆ. ನೀರಿನ ಮೇಲಿನ ಲೆಕ್ಕದಲ್ಲಿಯೂ ಆತ ಹಿಂದೆ ಬಿದ್ದವನಲ್ಲ.

ಆದರೆ ಕೋಟೆ ಗೆದ್ದೊಡನೆ ಕಡಲು ಗೆದ್ದಂತಾಗಲಿಲ್ಲ. ಕೆಳದಿಯವರಿಗೆ ತೋಪಿನ ದೊಡ್ಡ ನೌಕಾಬಲವಿರಲಿಲ್ಲ, ಪೋರ್ತುಗೀಜರಿಗೆ ಅಕ್ಕಿಯಿರಲಿಲ್ಲ. ಹಾಗಾಗಿ 1671, 1678, 1714 ಎಂದು ಕೌಲಿನ ಮೇಲೆ ಕೌಲುಗಳಾದವು. ಕೋಠಿ ಕಟ್ಟಿಕೊಳ್ಳಲು ನಾವು ಜಾಗ ಕೊಡಬೇಕು, ಹಡಗು ಹೋಗಲು ಅವರು ದಾರಿ ಬಿಡಬೇಕು, ಮಸ್ಕತ್ತಿನ ಅರಬರೊಡನೆ ವ್ಯವಹಾರ ಇರಬೇಕೆ ಬೇಡವೆ ಎಂಬ ಹಗ್ಗ ಜಗ್ಗಾಟವೆಲ್ಲ ಆ ಕೌಲುಗಳ ಹಿಂದಿತ್ತು. ಎದುರಾಳಿಯ ಕಾನೂನನ್ನು ಓದಿ, ಅದರಲ್ಲಿ ತನಗೆ ಬೇಕಾದ ಕಲಮನ್ನು ಸೇರಿಸುವಷ್ಟು ಬಲವನ್ನು ಗದ್ದೆಯಿಂದಲೇ ಸಂಪಾದಿಸಿದುದು ಕೆಳದಿಯವರ ಜಾಣತನ. ನೋಡಲಿಕ್ಕೆ ಇದು ಯುದ್ಧದಷ್ಟು ರಂಜಕವಲ್ಲ. ಆದರೆ ದೋಣಿಯಲ್ಲಿ ಹೋದ ಗಂಡ ಮನೆಗೆ ಹಿಂದಿರುಗುತ್ತಾನೆಯೋ ಇಲ್ಲವೋ ಎಂಬುದು ಎಷ್ಟೋ ಮನೆಗಳಲ್ಲಿ ಈ ಕಲಮುಗಳ ಮೇಲೆಯೇ ನಿಂತಿತ್ತು.

ಈ ನಡುವೆ ಯುರೋಪಿನಲ್ಲಿ ಒಂದು ತಮಾಷೆ ನಡೆಯಿತು. 1603ರಲ್ಲಿ ಡಚ್ಚರು ಸಿಂಗಪುರದ ಬಳಿ 'ಸಾಂತ ಕತರೀನ' ಎಂಬ ಪೋರ್ತುಗೀಜರ ಹಡಗನ್ನು ಹಿಡಿದರು. ಅದನ್ನು ಸಮರ್ಥಿಸಲು ಹ್ಯೂಗೊ ಗ್ರೋಷಿಯಸ್ ಎಂಬ ತರುಣ ವಕೀಲನನ್ನು ಗೊತ್ತುಮಾಡಿದರು. ಆತನ 'ಮಾರೆ ಲಿಬೆರುಂ', ಎಂದರೆ 'ಮುಕ್ತ ಸಮುದ್ರ', 1609ರಲ್ಲಿ ಅಚ್ಚಾಯಿತು. ಕಡಲು ಗಾಳಿಯಂತೆ ಎಲ್ಲರದು; ಅದನ್ನು ಯಾರೂ ಆಕ್ರಮಿಸಲಾರರು; ಇಂಡಿಯಾ ದೇಶಕ್ಕೆ ತನ್ನವೇ ಅರಸರು, ತನ್ನವೇ ಕಾನೂನುಗಳು ಇದ್ದುವು; ಪೋರ್ತುಗೀಜರು ಅದನ್ನು 'ಕಂಡುಹಿಡಿದೆವು' ಎಂದು ಹೇಳಿಕೊಂಡರೆ ಒಡೆತನ ಬರಲಾರದು ಎಂದು ಆತ ವಾದಿಸಿದನು. ಎಷ್ಟು ನ್ಯಾಯವಾದ ಮಾತು! ಇಂದಿನ ಅಂತರರಾಷ್ಟ್ರೀಯ ಕಡಲ ಕಾನೂನಿನ ತಳಹದಿಯೇ ಇದು. ಆದರೆ ಅದೇ ಡಚ್ಚರು 1663ರಲ್ಲಿ ಕೊಚ್ಚಿಯನ್ನು ಗೆದ್ದ ಕೂಡಲೇ ಮಲಬಾರಿನ ದೋಣಿಗಳಿಗೆ ತಮ್ಮ ಚೀಟಿಯನ್ನು ಕಡ್ಡಾಯ ಮಾಡಿದರು. ಮುಂಬಯಿಯಿಂದ ಇಂಗ್ಲಿಷರು ತಮ್ಮ ಪಾಸು ಕೊಡತೊಡಗಿದರು. ಕೊಂಕಣದಲ್ಲಿ ಕಾನ್ಹೋಜಿ ಆಂಗ್ರೆ ತನ್ನ ದಸ್ತಕ್ ಇಲ್ಲದ ಹಡಗನ್ನು ಹಿಡಿಯತೊಡಗಿದನು. ಇಂಗ್ಲಿಷರು ಆತನನ್ನು ಕಡಲುಗಳ್ಳನೆಂದರು. ಆತ ಮಾಡುತ್ತಿದ್ದುದು ಅವರು ಮಾಡುತ್ತಿದ್ದ ಕೆಲಸವನ್ನೇ. ಮುಕ್ತ ಸಮುದ್ರದ ಉಪದೇಶ ಪರರಿಗೆ, ಚೀಟಿಯ ಪುಸ್ತಕ ತಮ್ಮ ಕೈಗೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಮಂಗಳೂರಿನಿಂದ ಸೂರತ್ತಿಗೆ ಹೊರಟ ಬಡ ನಾಖೋಡ ಎಷ್ಟು ಜನರ ಎಷ್ಟು ಬಗೆಯ ಚೀಟಿಯನ್ನು ನೆನಪಿನಲ್ಲಿಡಬೇಕಾಗಿತ್ತು, ನೀವೇ ಲೆಕ್ಕ ಹಾಕಿರಿ.

1799ರಲ್ಲಿ ಟಿಪ್ಪೂ ಮಡಿದ ಮೇಲೆ ಕರಾವಳಿಯೆಲ್ಲ ಇಂಗ್ಲಿಷರ ವಶವಾಯಿತು. ಚೀಟಿಗಳ ಕಾಟ ತಪ್ಪಿ ದಫ್ತರಿನ ಕಾಲ ಬಂತು. 1838ರಲ್ಲಿ ಮುಂಬಯಿ ಇಲಾಖೆಯ ಕರಾವಳಿ ದೋಣಿಗಳಿಗಾಗಿ ಒಂದು ಕಾನೂನಾಗಿ ದೋಣಿಗಳಿಗೆ ನೋಂದಣಿ, ಹೆಸರು, ಸಂಖ್ಯೆ ಬಂದವು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು. ಒಂದೇ ಭಾಷೆಯ, ಒಂದೇ ಮೀನಿನ, ಒಂದೇ ಅಕ್ಕಿಯ ಕರಾವಳಿ ಎರಡು ಇಲಾಖೆಯಾಯಿತು. ಅದರ ಉತ್ತರಕ್ಕೆ, ಕಾರವಾರ ದಾಟಿದೊಡನೆ, ಇನ್ನೂ ಪೋರ್ತುಗೀಜರ ಗೋವೆ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆಗೆದ ಮೇಲೆ ನೂರಾರು ಪತ್ತೆಮಾರಿಗಳು ಆ ಹಂಚನ್ನು ಮುಂಬಯಿಗೆ ತಂದವು. ಈ ಊರಿನ ಹಳೆಯ ಚಾಳುಗಳ ಮಾಡನ್ನು ನೋಡುವಾಗ, ಆ ಕೆಂಪು ಹಂಚು ಎಷ್ಟು ಗಡಿ ದಾಟಿ ಬಂದಿತೆಂಬುದನ್ನು ಒಮ್ಮೆ ನೆನೆಯಬೇಕು.

ನನ್ನ ಅಜ್ಜ ದುಡಿದುದು ಈ ಕಾಲದ ಕೊನೆಯಲ್ಲಿ. ದೇಶ ಸ್ವತಂತ್ರವಾಗಿತ್ತು, ಗೋವೆ ಆಗಿರಲಿಲ್ಲ. ಮಂಗಳೂರಿನಿಂದ ಮುಂಬಯಿಗೆ ಹೊರಟ ದೋಣಿ ಭಾರತದಿಂದ ಭಾರತಕ್ಕೇ ಹೋಗುವುದಾದರೂ ನಡುವೆ ಪರರಾಜ್ಯದ ತೀರವನ್ನು ಹಾದು ಹೋಗಬೇಕಿತ್ತು. ಗಾಳಿ ಕೆಟ್ಟರೆ ಅಳಿವೆ ಹೊಕ್ಕು ಜೀವ ಉಳಿಸಿಕೊಳ್ಳಬೇಕೆ, ಹೊಕ್ಕರೆ ಕಾಗದ ತೋರಿಸಬೇಕಲ್ಲ, ಕಾಗದ ಒದ್ದೆಯಾಗಿದ್ದರೆ ಗತಿಯೇನು? ಅಜ್ಜನ ಡಬ್ಬಿಗೆ ಮೇಣ ಮೆತ್ತಿದ್ದು ಇದಕ್ಕೆ. "ಗಾಳಿಗೆ ಗಡಿ ಗೊತ್ತಿಲ್ಲ, ಆದ್ರೆ ಗಡಿಯವರಿಗೆ ಗಾಳಿ ಗೊತ್ತಿಲ್ಲ" ಎನ್ನುತ್ತಿದ್ದರು. ಗಣಪತಿದೇವನು ಕಲ್ಲಿನ ಮೇಲೆ ಬರೆಸಿದುದು ಇದೇ ಮಾತಲ್ಲವೆ? 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾದಾಗ, ದೇಶದ ಜನಕ್ಕೆ ಅದು ರಾಜಕೀಯದ ಸಂತೋಷ. ಅಜ್ಜನಿಗೆ ದಾರಿಯಲ್ಲಿ ಇನ್ನೊಂದು ಅಳಿವೆ ಸಿಕ್ಕಿದ ಸಂತೋಷ.

ಇಂದು ಏನಾಗಿದೆ? 1982ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಸಮುದ್ರ ಕಾನೂನಿನ ಒಡಂಬಡಿಕೆಯಾಗಿ 1994ರಲ್ಲಿ ಜಾರಿಗೆ ಬಂತು. ಭಾರತ 1995ರಲ್ಲಿ ಅದನ್ನು ಸ್ಥಿರೀಕರಿಸಿತು. ತೀರದಿಂದ 12 ನಾವಿಕ ಮೈಲಿಯವರೆಗೆ ಆ ದೇಶದ ಕಡಲು. ಅದರೊಳಗೂ ತೊಂದರೆ ಮಾಡದೆ ಹಾದುಹೋಗುವ ಹಕ್ಕು ಪರರ ಹಡಗಿಗೆ ಉಂಟು. 200 ನಾವಿಕ ಮೈಲಿಯವರೆಗೆ ಮೀನು, ಎಣ್ಣೆ ಮೊದಲಾದ ಸಂಪತ್ತಿನ ಹಕ್ಕು ಆ ದೇಶದ್ದು. ಬಿರುಗಾಳಿಗೆ ಸಿಕ್ಕ ಹಡಗು ಪರರ ಕಡಲಿನಲ್ಲಿ ಲಂಗರು ಹಾಕಿದರೆ ಅದು ಅಪರಾಧವಲ್ಲವೆಂದು ಆ ಒಡಂಬಡಿಕೆಯೇ ಹೇಳುತ್ತದೆ. ಮೋಟುಪಲ್ಲಿಯ ಕಲ್ಲಿನ ಮಾತು ಏಳೂವರೆ ಶತಮಾನ ಕಳೆದು ಲೋಕದ ಮಾತಾಯಿತು!

ಆದರೂ ಹೊರಡುವವನ ಕೆಲಸ ಕಡಿಮೆಯಾಗಿಲ್ಲ. ಇಂದು ಸಣ್ಣ ಹಾಯಿದೋಣಿಯಲ್ಲಿ ಪರದೇಶಕ್ಕೆ ಹೊರಟವನೂ ದೋಣಿಯ ನೋಂದಣಿ ಪತ್ರ, ಜನರ ಪಟ್ಟಿ, ಪಾಸ್‌ಪೋರ್ಟು ಇಟ್ಟುಕೊಂಡು, ಹೊರಡುವ ಬಂದರಿನಿಂದ ಬಿಡುಗಡೆಯ ಚೀಟಿ ಪಡೆಯಬೇಕು. ಸೇರುವ ಬಂದರಿನಲ್ಲಿ ಹಳದಿ ಬಾವುಟ ಏರಿಸಿ, ಆರೋಗ್ಯ, ಸುಂಕ, ವಲಸೆ ಅಧಿಕಾರಿಗಳು ಒಪ್ಪುವವರೆಗೆ ಕಾದಿದ್ದು, ಆಮೇಲೆ ಆ ದೇಶದ ಬಾವುಟವನ್ನು ಗೌರವಕ್ಕಾಗಿ ಏರಿಸಿ ದಡಕ್ಕಿಳಿಯಬೇಕು. ನಮ್ಮದೇ ಲಕ್ಷದ್ವೀಪಕ್ಕೆ ಹೋಗುವುದಕ್ಕೂ ಪ್ರವೇಶದ ಅನುಮತಿ ಬೇಕು. ಕಾಗದ ಬಲ್ಲವನಿಗೆ ಇದು ಒಂದು ದಿನದ ಕೆಲಸ. ಬಲ್ಲದವನ ಪಾಡು ಬೇರೆ. ಗುಜರಾತಿನಿಂದಲೂ ತಮಿಳುನಾಡಿನಿಂದಲೂ ಮೀನಿನ ಬೆನ್ನು ಹತ್ತಿ ಹೊರಟ ಬಡ ಮೀನುಗಾರರು ನೀರಿನ ಮೇಲೆ ಕಾಣದ ಗೆರೆಯೊಂದನ್ನು ದಾಟಿ ಪಾಕಿಸ್ತಾನದ, ಶ್ರೀಲಂಕೆಯ ಸೆರೆಮನೆ ಸೇರಿದುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಬಂದಿದ್ದೇವೆ. ಅತ್ತಣವರು ಇತ್ತ ಸಿಕ್ಕುವುದೂ ಉಂಟು. ಕರ್ತಾಜು ಹೋಯಿತು, ಆ ಹೆಂಡತಿ ಮಕ್ಕಳು ದಡದಲ್ಲಿ ಕಾಯುವುದು ಹೋಗಲಿಲ್ಲ. 2012ರಲ್ಲಿ ನಮ್ಮ ಕರಾವಳಿ ಕಾವಲು ಪಡೆಗೆ ಸೇರಿದ ಒಂದು ಹಡಗಿಗೆ 'ರಾಣಿ ಅಬ್ಬಕ್ಕ' ಎಂದು ಹೆಸರಿಟ್ಟರು. ಪರರ ಚೀಟಿಯನ್ನು ಒಪ್ಪದ ರಾಣಿಯ ಹೆಸರು, ಚೀಟಿ ನೋಡುವ ಹಡಗಿಗೆ. ಕಾವಲು ನಮ್ಮದಾದಾಗ ಬಡವನ ಮೇಲೆ ಕರುಣೆಯೂ ನಮ್ಮದಾಗಿರಬೇಕೆಂದು ಆ ಹೆಸರು ನೆನಪು ಮಾಡಿಕೊಡಲಿ.

ಬಂಧುಗಳೇ, ನಾವು ಮುಂಬಯಿಗೆ ಬಂದವರು. ಯಾರ ಕರ್ತಾಜನ್ನೂ ಕೇಳದೆ ಬಂದೆವು. ಸಂವಿಧಾನದ 19ನೆಯ ಅನುಚ್ಛೇದ ನಮ್ಮ ರಹದಾರಿ. ನಾವು ಹಬ್ಬ ಮಾಡುವ ನವೆಂಬರ್ ಒಂದು, 1956ರಲ್ಲಿ ಕಾರವಾರದಿಂದ ಮಂಗಳೂರಿನವರೆಗಿನ ದಡ ಒಂದೇ ರಾಜ್ಯವಾದ ದಿನ. ಭುವನೇಶ್ವರಿಯ ಪಟಕ್ಕೆ ಹಾರ ಹಾಕುವಾಗ ಆ ದಡದ ದೋಣಿಗಳನ್ನೂ ನೆನೆಯಬೇಕೆಂಬುದು ನನ್ನ ವಿನಂತಿ.

ಇನ್ನೊಂದು ಮಾತು ಹೇಳದೆ ಮುಗಿಸಿದರೆ ಈ ಲೇಖನ ಅಪ್ರಾಮಾಣಿಕವಾಗುತ್ತದೆ. ಅಜ್ಜನ ಆ ಡಬ್ಬಿ ಈಗಲೂ ನಮ್ಮ ಮನೆಯಲ್ಲಿದೆ. ಅಮ್ಮ ಅದರಲ್ಲಿ ಸೂಜಿ ದಾರ ಇಡುತ್ತಾರೆ. ಕಾಗದಗಳಿಲ್ಲ. ಅಜ್ಜ ತೀರಿಕೊಂಡ ವರ್ಷ ಊರ ಮನೆಗೆ ಸುಣ್ಣ ಹೊಡೆಯುವಾಗ, ಏನೋ ಹಳೆಯ ಚೀಟಿಗಳೆಂದು ಅವನ್ನು ಬಚ್ಚಲ ಒಲೆಗೆ ಹಾಕಿದವನು ನಾನೇ. ನನಗಾಗ ಹದಿನಾಲ್ಕು ವರ್ಷ. ಉಪ್ಪುನೀರು, ಬಿರುಗಾಳಿ, ಪರಂಗಿಯ ಸುಂಕದ ಕಟ್ಟೆ ಇವುಗಳಿಂದೆಲ್ಲ ಅಜ್ಜ ಉಳಿಸಿದ ಕಾಗದ ಮೊಮ್ಮಗನ ಕೈಯಲ್ಲಿ ಒಂದು ಹಂಡೆ ನೀರು ಕಾಯಿಸಿತು. ಇಂದು ಬ್ಯಾಂಕಿನಲ್ಲಿ ಪರರ ಕಾಗದದ ಒಂದೊಂದು ಅಕ್ಷರವನ್ನೂ ಕನ್ನಡಕ ಹಾಕಿಕೊಂಡು ನೋಡುತ್ತೇನೆ.

ನಿಮ್ಮಲ್ಲಿ ಕರಾವಳಿಯವರು ಬಹಳ ಮಂದಿ ಇದ್ದೀರಿ. ನಿಮ್ಮ ಮನೆಯ ಅಟ್ಟದಲ್ಲಿ, ಪೆಟ್ಟಿಗೆಯ ತಳದಲ್ಲಿ, ದೋಣಿಯ ನೋಂದಣಿ, ಬಂದರಿನ ರಸೀದಿ, ಸುಂಕದ ಚೀಟಿ, ಏನಿದ್ದರೂ ಎಸೆಯಬೇಡಿರಿ. ಸಂಘದ ವಾಚನಾಲಯಕ್ಕೆ ಒಂದು ಪ್ರತಿ ತಂದುಕೊಡಿರಿ. ಹರಿದಿದ್ದರೂ ಚಿಂತೆಯಿಲ್ಲ.